‘ಆನ್ ಯುವರ್ ಟೋಸ್’: ಒಂದೇ ನಾಟಕ ಎರಡು ಸಲ ಓಡಿ, ನಡುವೆ ಒಮ್ಮೆ ಬಿದ್ದಿದ್ದು ಯಾಕೆ?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಬ್ಯಾಲೆ ಕಂಪನಿಯೊಂದರ ಒಳಗೆ ನಡೆಯುವ ಕಥೆ ಹುಡುಕುತ್ತಿದ್ದಾಗ ‘ಆನ್ ಯುವರ್ ಟೋಸ್’ ಎಂಬ ಅಮೆರಿಕದ ಸಂಗೀತ ನಾಟಕ ಸಿಕ್ಕಿತು. ನ್ಯೂಯಾರ್ಕಿನಲ್ಲಿ 1936ರಲ್ಲಿ 315 ಪ್ರದರ್ಶನ, 1954ರಲ್ಲಿ ಬರೀ 64, 1983ರಲ್ಲಿ 505 ಅಂತ ಓದಿದೆ. ಕಥೆ ಅದೇ, ಹಾಡುಗಳು ಹೆಚ್ಚುಕಡಿಮೆ ಅವೇ. ಬರೆದವರಲ್ಲಿ ಒಬ್ಬರಾದ ಜಾರ್ಜ್ ಅಬಟ್ ಮೂರು ಸಲವೂ ಜೊತೆಗಿದ್ದರಂತೆ. ಹಾಗಾದರೆ ನಡುವೆ ಏನಾಯಿತು? ಅಂದಹಾಗೆ, ಇದನ್ನು ನಾಟಕ ಅನ್ನಬೇಕೋ, ಬ್ಯಾಲೆ ಅನ್ನಬೇಕೋ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇದು ನಾಟಕವೇ. ಆದರೆ ಇದರ ಕಥೆ ಮಾತಿನಲ್ಲಿ ಮುಗಿಯುವುದಿಲ್ಲ, ಕಾಲಿನಲ್ಲಿ ಮುಗಿಯುತ್ತದೆ. ನೀವು ಕೊಟ್ಟ ಮೂರು ಅಂಕಿಗಳ ಗುಟ್ಟು ಕೂಡ ಬಹುಪಾಲು ಅಲ್ಲೇ ಇದೆ ಅಂತ ನನ್ನ ನಂಬಿಕೆ. ಅದಕ್ಕೆ ಮೊದಲು ಕಥೆ ಕೇಳಿಬಿಡಿ.

ಜೂನಿಯರ್ ಅಂತ ಎಲ್ಲರೂ ಕರೆಯುವ ಫಿಲ್ ಡೋಲನ್ ಒಬ್ಬ ವಾಡ್‌ವಿಲ್ ಮನೆತನದ ಹುಡುಗ. ವಾಡ್‌ವಿಲ್ ಅಂದರೆ ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ನಗೆಮಾತು ಎಲ್ಲ ಸಿಗುತ್ತಿದ್ದ ಆಟ. ಅಪ್ಪ, ಅಮ್ಮ, ಮಗ ಮೂವರೂ ಊರೂರು ಸುತ್ತಿ ಟ್ಯಾಪ್ ಕುಣಿಯುವವರು. ಬೂಟಿನ ಅಡಿಗೆ ಲೋಹದ ತಗಡು ಹೊಡೆಸಿಕೊಂಡು, ಹಲಗೆಯ ಮೇಲೆ ಟಕಟಕ ತಾಳ ಹಾಕುವ ಕುಣಿತ ಅದು. ಮಗನಿಗೆ ಈ ಅಲೆದಾಟ ಬೇಡ, ಅವನು ಓದಬೇಕು ಅಂತ ಅಪ್ಪ ಅಮ್ಮನ ಹಟ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವನು ಸಂಗೀತದ ಮೇಷ್ಟ್ರು. ಅವನ ಶಿಷ್ಯನೊಬ್ಬ ಜಾಝ್ ಸಂಗೀತದಲ್ಲಿ ಒಂದು ಬ್ಯಾಲೆ ಬರೆದಿದ್ದಾನೆ. ಊರಿಗೆ ಬಂದಿರುವ ರಷ್ಯನ್ ಬ್ಯಾಲೆ ಕಂಪನಿಯಿಂದ ಅದನ್ನು ಆಡಿಸಬೇಕು ಅಂತ ಜೂನಿಯರ್ ಓಡಾಡುತ್ತಾನೆ.

ಇಲ್ಲಿಂದ ನಾವು ಕಂಪನಿಯ ಒಳಗೆ ಹೋಗುತ್ತೇವೆ. ಮಾಲೀಕ ಸರ್ಗೇಯ್‌ಗೆ ಹೊಸದು ಅಂದರೆ ಆಗದು. ಆದರೆ ಕಂಪನಿಗೆ ದುಡ್ಡು ಹಾಕುವ ಶ್ರೀಮಂತ ಹೆಂಗಸು ಪೆಗ್ಗಿಯ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಮುಖ್ಯ ನರ್ತಕಿ ವೀರಾ ಬಾರ್ನೋವಾ, ಕೋಪ ಬಂದರೆ ಮನೆ ಅಲ್ಲಾಡುವಂಥವಳು. ಅವಳ ಜೊತೆ ಕುಣಿಯುವ ಮೊರೊಸೀನ್ ಅವಳ ಪ್ರೇಮಿಯೂ ಹೌದು, ಹೊಟ್ಟೆಕಿಚ್ಚಿನವನೂ ಹೌದು. ನಮ್ಮ ಕಂಪನಿ ನಾಟಕಗಳ ಬಿಡಾರದ ಕಥೆ ಕೇಳಿದವರಿಗೆ ಈ ನಾಲ್ವರೂ ಹೊಸಬರಲ್ಲ, ಅಲ್ವಾ?

ಈ ಕಥೆ ಮೊದಲು ಹುಟ್ಟಿದ್ದು ಸಿನಿಮಾಕ್ಕೆ. ಸಂಗೀತ ಮಾಡಿದ ರಿಚರ್ಡ್ ರಾಜರ್ಸ್, ಹಾಡು ಬರೆದ ಲೊರೆಂಜ್ ಹಾರ್ಟ್ ಇಬ್ಬರೂ ಕುಣಿತಕ್ಕೆ ಹೆಸರಾದ ಸಿನಿಮಾ ನಟ ಫ್ರೆಡ್ ಆಸ್ಟೇರ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಹೆಣೆದಿದ್ದರು. ಅವನು ಒಲ್ಲೆ ಅಂದ. ಆಗ ಅದು ರಂಗಕ್ಕೆ ತಿರುಗಿತು. ಪಾತ್ರ ಹೋಗಿದ್ದು ರೇ ಬೋಲ್ಗರ್‌ಗೆ. ಮೂರು ವರ್ಷದ ನಂತರ ‘ದಿ ವಿಜರ್ಡ್ ಆಫ್ ಆಝ್’ ಸಿನಿಮಾದಲ್ಲಿ ಹುಲ್ಲಿನ ಬೆರ್ಚಪ್ಪನಾಗಿ ಮೂಳೆಯೇ ಇಲ್ಲದವನ ಹಾಗೆ ಕುಣಿದನಲ್ಲ, ಅವನೇ.

1936ರ ಏಪ್ರಿಲ್ 11ರಂದು ಇಂಪೀರಿಯಲ್ ಥಿಯೇಟರಿನಲ್ಲಿ ನಾಟಕ ತೆರೆ ಕಂಡಿತು. ಆ ಕಾಲಕ್ಕೆ ಇದು ಯಾಕೆ ಸರಿಯಾಗಿ ತಾಗಿತು ಅನ್ನುವುದನ್ನು ನೋಡಬೇಕು. ರಷ್ಯನ್ ಬ್ಯಾಲೆಯನ್ನು ಯುರೋಪಿನಲ್ಲಿ ಮೆರೆಸಿದ ಕಂಪನಿ ಮಾಲೀಕ ಡಿಯಾಗಿಲೆವ್ 1929ರಲ್ಲಿ ತೀರಿಕೊಂಡಿದ್ದ. ಅವನ ಬ್ಯಾಲೆ ರೂಸ್ ಕಂಪನಿ ಚದುರಿಹೋಗಿತ್ತು. ಉಳಿದವರನ್ನು ಸೇರಿಸಿ ಕಟ್ಟಿದ ಹೊಸ ಕಂಪನಿ 1933ರ ಕೊನೆಯಲ್ಲಿ ನ್ಯೂಯಾರ್ಕಿಗೆ ಬಂದು, ಆಮೇಲೆ ಅಮೆರಿಕದ ಊರೂರು ತಿರುಗಿತು. ‘ರಷ್ಯನ್ ಬ್ಯಾಲೆ’ ಅನ್ನುವುದು ಜನರ ಬಾಯಲ್ಲಿತ್ತು. ಅದರ ಠಾಕುಠೀಕು, ಉದ್ದುದ್ದ ಹೆಸರು, ಬಾಡಿಗೆ ಕಟ್ಟಲು ಒದ್ದಾಡುತ್ತಲೇ ಮೆರೆಯುವ ಮೆರೆತ ಎಲ್ಲ ಜನರಿಗೆ ಗೊತ್ತಿತ್ತು. ಗೊತ್ತಿರುವುದನ್ನು ತಾನೇ ಅಣಕಿಸಲು ಆಗುವುದು?

ಅಣಕಿಸಿದವನು ಯಾರು ಅನ್ನುವುದು ಇನ್ನೂ ಮುಖ್ಯ. ನೃತ್ಯ ಸಂಯೋಜನೆ ಜಾರ್ಜ್ ಬ್ಯಾಲಂಚೀನ್‌ದು. ಡಿಯಾಗಿಲೆವ್ ಕಂಪನಿಯ ಕೊನೆಯ ನೃತ್ಯ ಸಂಯೋಜಕ ಅವನೇ. 1924ರಲ್ಲಿ ರಷ್ಯಾ ಬಿಟ್ಟವನು, 1933ರಲ್ಲಿ ಅಮೆರಿಕಕ್ಕೆ ಬಂದು, ಮರುವರ್ಷ ಅಲ್ಲಿ ಬ್ಯಾಲೆ ಶಾಲೆ ತೆರೆದಿದ್ದ. ವೀರಾ ಬಾರ್ನೋವಾ ಪಾತ್ರ ಮಾಡಿದ ತಮಾರಾ ಗೇವಾ ಅವನ ಮೊದಲ ಹೆಂಡತಿ. ಇಬ್ಬರೂ ಜೊತೆಯಲ್ಲೇ ರಷ್ಯಾದಿಂದ ಬಂದವರು. ಅಷ್ಟೊತ್ತಿಗೆ ಬೇರೆ ಬೇರೆ ಆಗಿದ್ದರು, ಆದರೂ ಕೆಲಸ ಒಟ್ಟಿಗೆ ಮಾಡಿದರು. ಅಂದರೆ ರಷ್ಯನ್ ಬ್ಯಾಲೆಯನ್ನು ಹೊರಗಿನಿಂದ ನೋಡಿ ನಕ್ಕವರಲ್ಲ ಇವರು. ಆ ಅನ್ನ ಉಂಡು ಬೆಳೆದವರು. ಅವರ ಅಣಕದಲ್ಲಿ ಪ್ರೀತಿ ಇತ್ತು. ಹೆಜ್ಜೆಯಂತೂ ಒಂದೂ ತಪ್ಪಿರಲಿಲ್ಲ.

ಬ್ಯಾಲಂಚೀನ್ ಒಂದು ಪಟ್ಟು ಹಿಡಿದ. ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳ ಬೀದಿ ಬ್ರಾಡ್‌ವೇಯಲ್ಲಿ ಆಗ ‘ಕುಣಿತಗಳು: ಇಂಥವರು’ ಅಂತ ಹಾಕುವುದು ವಾಡಿಕೆ. ತನ್ನ ಹೆಸರಿನ ಜೊತೆ ‘ಕೊರಿಯೋಗ್ರಫಿ’ ಅಂತಲೇ ಹಾಕಬೇಕು ಅಂದ. ಜನರಿಗೆ ಆ ಪದ ಅರ್ಥವಾಗುವುದಿಲ್ಲವಲ್ಲ ಅಂತ ನಿರ್ಮಾಪಕ ಡ್ವೈಟ್ ಡೀರ್ ವೈಮನ್ ಅಳುಕಿದ. ಅರ್ಥವಾಗದಿದ್ದರೆ ಕುತೂಹಲ ಹುಟ್ಟುತ್ತದೆ ಅನ್ನುವುದು ಇವನ ಉತ್ತರ. ಹಾಗೇ ಹಾಕಿದರು. ಈಗ ನಮ್ಮ ಸಿನಿಮಾ ಪೋಸ್ಟರಿನಲ್ಲೂ ಸಲೀಸಾಗಿ ಕಾಣುವ ಆ ಪದ ಅಲ್ಲಿನ ರಂಗಭೂಮಿಗೆ ಆಗಿನ್ನೂ ಹೊಸದು.

ರಾಜರ್ಸ್‌ಗೂ ಅಳುಕಿತ್ತು. ಬ್ಯಾಲೆಗೆ ಸಂಗೀತ ಬರೆಯುವ ರೀತಿ ಯಾವುದು? ಹೆಜ್ಜೆ ಮೊದಲೋ, ರಾಗ ಮೊದಲೋ? ಹೋಗಿ ಕೇಳಿದಾಗ ಬ್ಯಾಲಂಚೀನ್ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ನೀನು ಬರಿ, ನಾನು ಆಡಿಸುತ್ತೇನೆ.

ಹಾಗೆ ಬರೆದದ್ದೇ ‘ಸ್ಲಾಟರ್ ಆನ್ ಟೆಂತ್ ಅವೆನ್ಯೂ’. ನಾಟಕದ ಕೊನೆಯಲ್ಲಿ ಬರುವ ಈ ಬ್ಯಾಲೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಇದನ್ನು ಬಿಟ್ಟರೆ ಉಳಿದ ನಾಟಕ ಅರ್ಥವಾಗುವುದಿಲ್ಲ.

ರಂಗದ ಮೇಲೆ ಒಂದು ಕಳಪೆ ಹೆಂಡದಂಗಡಿ. ಒಬ್ಬ ಟ್ಯಾಪ್ ಕುಣಿಯುವವನು ಬರುತ್ತಾನೆ. ಅಲ್ಲಿ ಗಿರಾಕಿಗಳ ಮುಂದೆ ಕುಣಿಯುವ ಹುಡುಗಿಯ ಮೇಲೆ ಅವನಿಗೆ ಮನಸ್ಸಾಗುತ್ತದೆ. ಅಂಗಡಿಯ ದಣಿ ಗುಂಡು ಹಾರಿಸುತ್ತಾನೆ. ಹುಡುಗಿ ಅಡ್ಡ ಬಂದು ಸಾಯುತ್ತಾಳೆ. ಇದು ಒಳಗಿನ ಬ್ಯಾಲೆಯ ಕಥೆ. ಕುಣಿಯುವವನು ಜೂನಿಯರ್, ಹುಡುಗಿ ವೀರಾ. ಹೊರಗಿನ ಕಥೆಯಲ್ಲಿ ಮೊರೊಸೀನ್ ಹೊಟ್ಟೆಕಿಚ್ಚಿಗೆ ಒಬ್ಬ ರೌಡಿಗೆ ದುಡ್ಡು ಕೊಟ್ಟಿದ್ದಾನೆ. ಆ ರೌಡಿ ಪ್ರೇಕ್ಷಕರ ಬಾಕ್ಸಿನಲ್ಲಿ ಪಿಸ್ತೂಲು ಹಿಡಿದು ಕೂತಿದ್ದಾನೆ. ಬ್ಯಾಲೆ ಮುಗಿದು ಜೂನಿಯರ್ ನಿಂತ ಕೂಡಲೇ ಗುಂಡು ಹಾರಬೇಕು.

ಕುಣಿಯುತ್ತಿರುವಾಗಲೇ ಜೂನಿಯರ್ ಕೈಗೆ ಒಂದು ಚೀಟಿ ಸಿಗುತ್ತದೆ. ಓದುತ್ತಾನೆ. ಈಗ ಅವನು ನಿಲ್ಲುವ ಹಾಗಿಲ್ಲ. ಬ್ಯಾಲೆಯ ಕೊನೆಯ ತುಣುಕು ಮುಗಿಯುತ್ತಾ ಬಂತು. ವಾದ್ಯಮೇಳ ನಡೆಸುವವನಿಗೆ ಸನ್ನೆ ಮಾಡುತ್ತಾನೆ: ಇನ್ನೊಮ್ಮೆ! ಅದೇ ತುಣುಕು ಮತ್ತೆ. ಮತ್ತೆ ಮುಗಿಯಲು ಬರುತ್ತದೆ. ಇನ್ನೊಮ್ಮೆ! ಉಸಿರು ಕಟ್ಟುತ್ತಿದೆ, ಕಾಲು ಎಳೆಯುತ್ತಿದೆ, ಆದರೂ ಕುಣಿಯುತ್ತಲೇ ಇದ್ದಾನೆ. ಕೊನೆಗೆ ಪೊಲೀಸರು ಬಂದು ರೌಡಿಯನ್ನು ಹಿಡಿಯುತ್ತಾರೆ. ಆಗ ಜೂನಿಯರ್ ಕುಸಿಯುತ್ತಾನೆ.

ನಮ್ಮಲ್ಲಿ ಕಂಪನಿ ನಾಟಕ ನೋಡುವ ಜನ ‘ಒನ್ಸ್ ಮೋರ್’ ಅಂತ ಕೂಗಿದರೆ ನಟ ಮತ್ತೆ ಹಾಡುತ್ತಿದ್ದ. ಇಲ್ಲಿ ‘ಒನ್ಸ್ ಮೋರ್’ ಕೇಳುವವನು ನಟನೇ, ಅದೂ ತನ್ನ ಜೀವಕ್ಕಾಗಿ. ಈ ದೃಶ್ಯದಲ್ಲಿ ಒಂದು ಮಾತೂ ಇಲ್ಲ. ಆದರೆ ಇದನ್ನು ತೆಗೆದುಬಿಟ್ಟರೆ ನಾಟಕಕ್ಕೆ ಮುಕ್ತಾಯವೇ ಇಲ್ಲ. ಅದುವರೆಗೆ ಅಲ್ಲಿನ ಸಂಗೀತ ನಾಟಕಗಳಲ್ಲಿ ಕುಣಿತ ಅಂದರೆ ಸಾಮಾನ್ಯವಾಗಿ ಕಥೆ ನಿಲ್ಲಿಸಿ ಮಾಡುವ ಸಿಂಗಾರ. ಇಲ್ಲಿ ಕುಣಿತ ನಿಂತರೆ ನಾಯಕನೇ ಸಾಯುತ್ತಾನೆ. ಕುಣಿತಕ್ಕೂ ಕಥೆಗೂ ಇಷ್ಟು ಬಿಗಿಯಾದ ಗಂಟು ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಟಕದ ಹೆಸರೂ ಇದೇ ಮಾತು ಹೇಳುತ್ತದೆ. ಬ್ಯಾಲೆಯವರು ನಿಲ್ಲುವುದು ತುದಿಗಾಲಿನಲ್ಲಿ. ಎಚ್ಚರದಿಂದಿರು, ಮೈಮರೆಯಬೇಡ ಅನ್ನುವ ಅರ್ಥವೂ ಆ ಇಂಗ್ಲಿಷ್ ಮಾತಿಗಿದೆ. ಕನ್ನಡದಲ್ಲಿ ‘ತುದಿಗಾಲಲ್ಲಿ ನಿಂತಿದ್ದಾನೆ’ ಅಂದರೆ ಆತುರ, ಕಾತರ. ನಮ್ಮ ಅರ್ಥವೂ ಈ ಕಥೆಗೆ ಒಗ್ಗುತ್ತದೆ. ಶೀರ್ಷಿಕೆ ಹಾಡಿನಲ್ಲಿ ಟ್ಯಾಪ್‌ನವರು ಒಂದು ಕಡೆ, ಬ್ಯಾಲೆಯವರು ಇನ್ನೊಂದು ಕಡೆ ನಿಂತು ಒಂದೇ ರಾಗಕ್ಕೆ ಪೈಪೋಟಿಯ ಮೇಲೆ ಕುಣಿಯುತ್ತಾರೆ. ಒಬ್ಬರ ಬೂಟು ನೆಲ ಕುಟ್ಟುತ್ತದೆ, ಇನ್ನೊಬ್ಬರ ಪಾದ ನೆಲಕ್ಕೆ ತಾಗಿಯೂ ತಾಗದ ಹಾಗೆ. ಟ್ಯಾಪ್ ಭಾಗಗಳಲ್ಲಿ ಬ್ಯಾಲಂಚೀನ್‌ಗೆ ನೆರವಾದವನು ಹರ್ಬಿ ಹಾರ್ಪರ್ ಎಂಬ ಕಪ್ಪು ಕಲಾವಿದ. ಕಾರ್ಯಕ್ರಮ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಈ ನಾಟಕದ ಬಗ್ಗೆ ಮಾತಾಡುವಾಗಲೆಲ್ಲ ಆ ಹೆಸರು ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

1937ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ ನಾಟಕ ಬಂತು, ವೀರಾ ಪಾತ್ರಕ್ಕೆ ವೀರಾ ಜೋರಿನಾ. ನಿಜವಾದ ಬ್ಯಾಲೆ ರೂಸ್‌ನಲ್ಲಿ ಕುಣಿದು ಬಂದವಳು. ಮರುವರ್ಷ ಬ್ಯಾಲಂಚೀನ್‌ನನ್ನು ಮದುವೆಯಾದಳು. 1939ರ ಸಿನಿಮಾದಲ್ಲೂ ಅವಳೇ. ಆದರೆ ಆ ಸಿನಿಮಾದಲ್ಲಿ ಯಾರೂ ಹಾಡುವುದಿಲ್ಲ. ರಾಗಗಳು ಹಿನ್ನೆಲೆಯಲ್ಲಿ ಸುಮ್ನೆ ಬಂದು ಹೋಗುತ್ತವೆ. ‘ದೇರ್ಸ್ ಎ ಸ್ಮಾಲ್ ಹೋಟೆಲ್’ನಂಥ ಹಾಡಿನ ಬಾಯಿ ಕಟ್ಟಿದ್ದು ಯಾಕೋ!

ಈಗ 1954. ಎರಡು ವರ್ಷದ ಹಿಂದೆ ರಾಜರ್ಸ್ ಮತ್ತು ಹಾರ್ಟ್ ಅವರದೇ ‘ಪಾಲ್ ಜೋಯಿ’ಯ ಮರುಪ್ರಯೋಗ 540 ಪ್ರದರ್ಶನ ಕಂಡಿತ್ತು. ಹಾಗಿದ್ದ ಮೇಲೆ ಇದೂ ಓಡುತ್ತದೆ ಅಂತ ಎಲ್ಲರಿಗೂ ಅನ್ನಿಸಿದ್ದು ಸಹಜ. ಅಬಟ್ ಕೈ ಹಾಕಿದರು. ಬ್ಯಾಲಂಚೀನ್ ಬಂದ. ಜೋರಿನಾ ಮತ್ತೆ ವೀರಾ ಆದಳು. ಜೂನಿಯರ್ ಪಾತ್ರಕ್ಕೆ ಬಾಬಿ ವ್ಯಾನ್, ಪೆಗ್ಗಿಗೆ ಎಲೇನ್ ಸ್ಟ್ರಿಚ್. ಕಾಗದದ ಮೇಲೆ ನೋಡಿದರೆ ಯಾವ ಕೊರತೆಯೂ ಇಲ್ಲ. ಅಕ್ಟೋಬರಿನಲ್ಲಿ ಶುರುವಾಗಿದ್ದು ಡಿಸೆಂಬರಿನ ಮೊದಲ ವಾರಕ್ಕೆ ಮುಗಿಯಿತು.

ಕಾರಣ ಒಂದೇ ಅಲ್ಲ. 1943ರ ‘ಓಕ್ಲಹೋಮಾ!’ ಬಂದ ಮೇಲೆ ಸಂಗೀತ ನಾಟಕದೊಳಗೆ ಬ್ಯಾಲೆ ಇರುವುದು ಮಾಮೂಲಾಗಿತ್ತು. ಅದನ್ನು ಮಾಡಿದವನೂ ಇದೇ ರಾಜರ್ಸ್, ಜೊತೆಗೆ ಹಾಡು ಬರೆದ ಹ್ಯಾಮರ್‌ಸ್ಟೀನ್. ಮಾತು, ಹಾಡು, ಕುಣಿತ ಮೂರೂ ಒಂದಕ್ಕೊಂದು ಬೆಸೆದ ನಾಟಕ ನೋಡಿ ಜನಕ್ಕೆ ರೂಢಿಯಾಗಿತ್ತು. ಅವರ ಕಣ್ಣಿಗೆ ‘ಆನ್ ಯುವರ್ ಟೋಸ್’ನ ಮಾತುಗಳು ಸಡಿಲ ಕಂಡವು. ಇದಕ್ಕೆ ದಾರಿ ತೋರಿಸಿದ ನಾಟಕವೇ ಹಿಂದೆ ಬಿದ್ದ ಹಾಗಾಯಿತು. ಇನ್ನೊಂದು, ಹದಿನೆಂಟು ವರ್ಷ ಅನ್ನುವುದು ನಾಟಕಕ್ಕೆ ಕೆಟ್ಟ ವಯಸ್ಸು. ಹೊಸದೂ ಅಲ್ಲ, ಹಳೆಯ ಕಾಲದ ಸೊಬಗೂ ಬಂದಿಲ್ಲ. ನಿನ್ನೆಯ ಅನ್ನದ ಹಾಗೆ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಮೂರನೆಯದು. ಹಳೆಯದನ್ನು ಈ ಕಾಲಕ್ಕೆ ಒಗ್ಗಿಸುತ್ತೇವೆ ಅಂತ ಹೋದರು. ಯಾವ ವಾದ್ಯ ಏನು ನುಡಿಸಬೇಕು ಅನ್ನುವ ವಾದ್ಯಮೇಳದ ಹಂಚಿಕೆಯನ್ನು ಹೊಸದಾಗಿ ಬರೆಸಿದರು. ಸ್ಟ್ರಿಚ್‌ಗಾಗಿ 1928ರ ಬೇರೊಂದು ನಾಟಕದ ಹಾಡು ತಂದು ಸೇರಿಸಿದರು. ಆ ಹಾಡು ಚೆನ್ನಾಗಿತ್ತು, ಅವಳೂ ಚೆನ್ನಾಗಿ ಹಾಡಿದಳು. ಆದರೆ ನಾಟಕಕ್ಕೆ ಅದರದೇ ಆದ ಒಂದು ಸದ್ದು ಇರುತ್ತದೆ. ಅದು ಕದಡಿತು.

1983ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದರು. ಮೊದಲ ಪ್ರಯೋಗದ ವಾದ್ಯ ಹಂಚಿಕೆ ಮಾಡಿದ್ದವರು ಹ್ಯಾನ್ಸ್ ಸ್ಪಿಯಾಲೆಕ್. ರಾಗ ಕಟ್ಟಿದವನು ಒಬ್ಬನಾದರೆ, ಯಾವ ಸಾಲು ಪಿಟೀಲಿಗೆ, ಯಾವುದು ತುತ್ತೂರಿಗೆ ಅಂತ ಹಂಚುವವನು ಇನ್ನೊಬ್ಬ. ನಾಟಕದ ಸದ್ದು ಹುಟ್ಟುವುದು ಅವನ ಕೈಯಲ್ಲಿ. ಸ್ಪಿಯಾಲೆಕ್ ಆಗ ತೊಂಬತ್ತರ ಅಂಚಿನಲ್ಲಿದ್ದರು. ವಾದ್ಯಮೇಳ ನಡೆಸಿದ ಜಾನ್ ಮೌಚೇರಿ ಅವರನ್ನು ಜೊತೆಗಿಟ್ಟುಕೊಂಡು 1936ರ ಆ ಹಂಚಿಕೆಯನ್ನೇ ಮತ್ತೆ ನುಡಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸ್ಪಿಯಾಲೆಕ್ ತೀರಿಕೊಂಡರು. ಒಂದು ವರ್ಷ ತಡವಾಗಿದ್ದರೆ ಕೇಳಲು ಅವರೇ ಇರುತ್ತಿರಲಿಲ್ಲ.

ನಿರ್ದೇಶಕ ಅಬಟ್‌ಗೆ ಆಗ 95 ವರ್ಷ. ಹೌದು, ತೊಂಬತ್ತೈದು! ಬ್ಯಾಲಂಚೀನ್ ಕಾಯಿಲೆ ಬಿದ್ದಿದ್ದ. ಅವನ ನೃತ್ಯಗಳನ್ನು ಅವನ ಕಂಪನಿಯ ಪೀಟರ್ ಮಾರ್ಟಿನ್ಸ್ ನೋಡಿಕೊಂಡು, ಬೇಕಾದ ಕಡೆ ಹೊಸದನ್ನು ಸೇರಿಸಿದ. ಟ್ಯಾಪ್ ಕುಣಿತಗಳು ಡೊನಾಲ್ಡ್ ಸ್ಯಾಡ್ಲರ್‌ದು. ನಾಟಕ ಶುರುವಾಗಿದ್ದು ಮಾರ್ಚ್ 6ಕ್ಕೆ. ಏಪ್ರಿಲ್ 30ಕ್ಕೆ ಬ್ಯಾಲಂಚೀನ್ ತೀರಿಕೊಂಡ. ಆ ರಾತ್ರಿಗಳಲ್ಲಿ ‘ಸ್ಲಾಟರ್’ ಕುಣಿದವರ ಮನಸ್ಸು ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ವೀರಾ ಪಾತ್ರಕ್ಕೆ ಬಂದವಳು ನತಾಲಿಯಾ ಮಕರೋವಾ. ಲೆನಿನ್‌ಗ್ರಾಡಿನ ಕಿರೋವ್ ಕಂಪನಿಯ ದೊಡ್ಡ ನರ್ತಕಿ. 1970ರಲ್ಲಿ ಲಂಡನ್ ಪ್ರವಾಸಕ್ಕೆ ಬಂದವಳು ಹಿಂತಿರುಗಲಿಲ್ಲ. ಗಂಭೀರ ಪಾತ್ರಗಳಿಗೆ ಹೆಸರಾದ ಅವಳು ಇಲ್ಲಿ ತನ್ನಂಥವಳನ್ನೇ ಅಣಕಿಸುವ ಪಾತ್ರ ಒಪ್ಪಿಕೊಂಡಳು. ಅವಳ ರಷ್ಯನ್ ಉಚ್ಚಾರಣೆಯೇ ಅರ್ಧ ಹಾಸ್ಯ ಮಾಡಿತು. ಉಳಿದರ್ಧ ಅವಳ ಕಾಲು ಮಾಡಿತು. ಬ್ರಾಡ್‌ವೇಗೆ ಬರುವ ಮೊದಲು, 1982ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರಿನ ರಂಗದ ಮೇಲೆ ಮೇಲಿಂದ ಒಂದು ಲೋಹದ ಕೊಳವೆ ಬಿದ್ದು ಅವಳ ಭುಜದ ಮೂಳೆ ಮುರಿದಿತ್ತು. ಮೂರು ತಿಂಗಳೊಳಗೆ ನ್ಯೂಯಾರ್ಕಿನಲ್ಲಿ ತೆರೆ ಎದ್ದಾಗ ಅವಳು ರಂಗದ ಮೇಲಿದ್ದಳು. ಆ ವರ್ಷ ಸಂಗೀತ ನಾಟಕದ ಅತ್ಯುತ್ತಮ ನಟಿ ಅಂತ ಟೋನಿ ಪ್ರಶಸ್ತಿ ಅವಳಿಗೆ, ಮರುಪ್ರಯೋಗದ ಪ್ರಶಸ್ತಿ ನಾಟಕಕ್ಕೆ. 1984ರಲ್ಲಿ ಲಂಡನ್ನಿನ ಒಲಿವಿಯೆ ಪ್ರಶಸ್ತಿಯೂ ಅವಳಿಗೇ ಬಂತು.

ಇಲ್ಲಿ ಒಂದು ಆಕ್ಷೇಪ ಬರಬಹುದು. 1954ರಲ್ಲೂ ನಿಜವಾದ ಬ್ಯಾಲೆ ನರ್ತಕಿಯೇ ಇದ್ದಳಲ್ಲ? ಇದ್ದಳು. ಆದ್ದರಿಂದ ಬರೀ ಒಳ್ಳೆಯ ನರ್ತಕಿ ಸಿಕ್ಕರೆ ಸಾಲದು. ಅವಳ ಸುತ್ತ ಆ ಕಂಪನಿಯ ಲೋಕ ಪೂರ್ತಿ ನಿಲ್ಲಬೇಕು. ಸದ್ದು, ಬಟ್ಟೆ, ಕುಣಿತ, ಹಳೆಯ ತಮಾಷೆಯ ಲಯ ಎಲ್ಲ. 1983ರಲ್ಲಿ ಅದು ನಿಂತಿತು. ಜನರ ಕಣ್ಣೂ ಬದಲಾಗಿತ್ತು. ನುರೆಯೆವ್, ಮಕರೋವಾ, ಬರಿಶ್ನಿಕೋವ್ ಒಬ್ಬರ ಹಿಂದೆ ಒಬ್ಬರು ಬಂದ ಮೇಲೆ ರಷ್ಯನ್ ನರ್ತಕರ ಬಗ್ಗೆ ಅಮೆರಿಕದಲ್ಲಿ ಮತ್ತೆ ಹುಚ್ಚು ಹಿಡಿದಿತ್ತು. 1936ರ ಹಾಗೆಯೇ.

ನಡುವೆ ಇನ್ನೊಂದು ವರ್ಷ ಬಿಟ್ಟುಹೋಗಬಾರದು. 1968ರಲ್ಲಿ ಬ್ಯಾಲಂಚೀನ್ ‘ಸ್ಲಾಟರ್’ ಒಂದನ್ನೇ ನಾಟಕದಿಂದ ಬಿಡಿಸಿಕೊಂಡು ತನ್ನ ನ್ಯೂಯಾರ್ಕ್ ಸಿಟಿ ಬ್ಯಾಲೆಗೆ ಕೊಟ್ಟ. ಕುಣಿದವರು ಸುಝಾನ್ ಫ್ಯಾರೆಲ್ ಮತ್ತು ಆರ್ಥರ್ ಮಿಚೆಲ್. ಮಿಚೆಲ್ ಮರುವರ್ಷವೇ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರ ಬ್ಯಾಲೆ ಕಂಪನಿ ಕಟ್ಟಿದ. ಬ್ಯಾಲೆ ಕಂಪನಿಯನ್ನು ಅಣಕಿಸಿದ ನಾಟಕದ ತುಣುಕು ಕೊನೆಗೆ ನಿಜವಾದ ಬ್ಯಾಲೆ ಕಂಪನಿಯ ಪಟ್ಟಿಗೇ ಸೇರಿತು. ಇವತ್ತಿಗೂ ಅದು ರಂಗದಲ್ಲಿದೆ.

ಆಮೇಲಿನ ಪ್ರಯೋಗಗಳಲ್ಲಿ ಎರಡು ಹೇಳಿದರೆ ಸಾಕು. 2003ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಆಡಮ್ ಕೂಪರ್ ಜೂನಿಯರ್ ಆದ. ಅವನು ಬ್ಯಾಲೆಯಿಂದ ಬಂದವನು, ಕುಣಿತಗಳನ್ನೂ ತಾನೇ ಕಟ್ಟಿದ. 2013ರಲ್ಲಿ ನ್ಯೂಯಾರ್ಕ್ ಸಿಟಿ ಸೆಂಟರಿನ ‘ಎನ್‌ಕೋರ್ಸ್!’ ಸರಣಿಯಲ್ಲಿ ಐದೇ ದಿನ ಆಡಿದರು. ವೀರಾ ಆಗಿದ್ದವಳು ಇರಿನಾ ಡ್ವೊರೊವೆಂಕೊ, ಅವಳೂ ಬ್ಯಾಲೆಯವಳೇ. ಈ ಪಾತ್ರವನ್ನು ಬರೀ ನಟಿಗೆ ಕೊಡುವ ಧೈರ್ಯ ದೊಡ್ಡ ತಂಡಗಳು ಮಾಡುವುದಿಲ್ಲ.

ನಿಮ್ಮ ತಂಡದ ವಿಷಯಕ್ಕೆ ಬರೋಣ. ಮೊದಲ ಅಂಕದ ಕೊನೆಗೆ ‘ಪ್ರಿನ್ಸೆಸ್ ಝೆನೋಬಿಯಾ’ ಅಂತ ಒಂದು ಅಣಕು ಬ್ಯಾಲೆ ಇದೆ. ಡಿಯಾಗಿಲೆವ್ ಕಂಪನಿಯ 1910ರ ಬ್ಯಾಲೆ ‘ಷೆಹೆರಜಾದ್’ನ ಗೇಲಿ. ಜೂನಿಯರ್ ಅದರಲ್ಲಿ ಗುಲಾಮರ ಗುಂಪಿಗೆ ಕೊನೆಯ ಗಳಿಗೆಯಲ್ಲಿ ಸೇರಿ ಎಲ್ಲ ಕೆಡಿಸುತ್ತಾನೆ. ಮೂಲದಲ್ಲಿ ಗುಲಾಮರು ಮೈಗೆ ಕಪ್ಪು ಬಳಿದುಕೊಂಡಿರುತ್ತಾರೆ. ಅದನ್ನು ಹಾಗೇ ಮಾಡಬೇಡಿ. ಹೆಜ್ಜೆ ತಪ್ಪುವುದರಲ್ಲೇ ಬೇಕಾದಷ್ಟು ನಗು ಇದೆ, ಮೈಬಣ್ಣದ ಹಂಗು ಬೇಡ.

ಆದರೆ ಹೆಜ್ಜೆ ತಪ್ಪುವುದು ಸುಲಭ ಅಂದುಕೊಳ್ಳಬೇಡಿ. ನಾನು ಒಮ್ಮೆ ಒಂದು ನಾಟಕಕ್ಕೆ ಕುಣಿತ ಬಾರದ ಹುಡುಗಿಯ ಪಾತ್ರ ಮಾಡಿಸುತ್ತಿದ್ದೆ. ನಿಜವಾಗಿ ಕುಣಿತ ಬಾರದವಳನ್ನೇ ಹಾಕಿದೆ. ತಾಲೀಮಿನ ಮೂರನೇ ದಿನಕ್ಕೆ ಪಕ್ಕದವಳ ಮೂಗಿಗೆ ಮೊಣಕೈ ಬಡಿಯಿತು, ಪ್ರೇಕ್ಷಕರ ಜಾಗದಲ್ಲಿ ಕೂತಿದ್ದವರು ಒಬ್ಬರೂ ನಗಲಿಲ್ಲ. ಆಮೇಲೆ ಹತ್ತು ವರ್ಷ ಭರತನಾಟ್ಯ ಕಲಿತ ಹುಡುಗಿಗೆ ಅದೇ ಪಾತ್ರ ಕೊಟ್ಟೆ. ಅವಳು ಪ್ರತಿ ಸಲವೂ ಸರಿಯಾಗಿ ಅರ್ಧ ಮಾತ್ರೆ ತಡವಾಗಿ ತಿರುಗುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಜೂನಿಯರ್‌ಗೂ ಅಂಥವನೇ ಬೇಕು. ತಾಳ ಗೊತ್ತಿದ್ದವನು ಮಾತ್ರ ತಾಳ ತಪ್ಪಿಸಬಲ್ಲ.

ಆಡುವ ಹಕ್ಕಿಗೆ ಕಾಂಕಾರ್ಡ್ ಥಿಯೇಟ್ರಿಕಲ್ಸ್‌ಗೆ ಬರೆಯಬೇಕು. ಬ್ಯಾಲಂಚೀನ್ ಕಟ್ಟಿದ ಹೆಜ್ಜೆಗಳ ಹಕ್ಕು ಬೇರೆ, ಅದು ಬ್ಯಾಲಂಚೀನ್ ಟ್ರಸ್ಟಿನದು. ನೀವು ನಿಮ್ಮದೇ ಕುಣಿತ ಕಟ್ಟುವುದಾದರೆ ಎರಡನೆಯದು ಬೇಕಿಲ್ಲ. ಬೂಟಿನ ಸದ್ದಿಗಾಗಿ ರಂಗಕ್ಕೆ ಮರದ ಹಲಗೆ ಹಾಸಲೇಬೇಕು. ಕಾಂಕ್ರೀಟಿನ ಮೇಲೆ ಟ್ಯಾಪ್ ಮಾಡಿಸಿದರೆ ಸದ್ದೂ ಬರುವುದಿಲ್ಲ, ಹುಡುಗರ ಮೊಣಕಾಲೂ ಉಳಿಯುವುದಿಲ್ಲ.

ಇಷ್ಟಕ್ಕೂ ಮುಂಚೆ 1983ರ ತಂಡದ ಧ್ವನಿಮುದ್ರಣ ಹುಡುಕಿ ಕೇಳಿ. ಸ್ಪಿಯಾಲೆಕ್‌ರ ಹಂಚಿಕೆ ಅದರಲ್ಲಿದೆ. ‘ಸ್ಲಾಟರ್’ನ ಕೊನೆ ಬಂದಾಗ ನಿಮ್ಮ ಜೂನಿಯರ್ ಪಾತ್ರದ ಹುಡುಗನನ್ನು ಎದ್ದು ನಿಲ್ಲಿಸಿ, ಆ ತುಣುಕನ್ನೇ ಮತ್ತೆ ಮತ್ತೆ ಹಾಕಿ ಕುಣಿಸಿ. ನಾಲ್ಕನೇ ಸಲಕ್ಕೆ ಅವನ ಮುಖ ನೋಡಿ. ಅಷ್ಟೊತ್ತಿಗೆ ಅವನು ನಟಿಸುತ್ತಿರುವುದಿಲ್ಲ.